ಕೂಣಿಯ ಸಂದು

ಹೋದ ವರ್ಷ ಜೂನ್ ಕೊನೆಯ ವಾರ ಊರಿಗೆ ಹೋಗಿದ್ದೆ. ಆರಿದ್ರೆ ಮಳೆ ಹಿಡಿದು ಮೂರು ದಿನವಾಗಿತ್ತು. ನಮ್ಮ ಮನೆ ಕೆಳಗಿನ ಹಳ್ಳ ಮಾಲತಿ ಹೊಳೆಗೆ ಸೇರುತ್ತದೆ, ಮಾಲತಿ ತುಂಗೆಗೆ. ಹಳ್ಳದ ನೀರು ಕೆಂಪಾಗಿ ಗದ್ದೆಯಂಚು ದಾಟಿ ಹರಿಯುತ್ತಿತ್ತು. ರಾತ್ರಿ ಊಟಕ್ಕೆ ಕೂರುವ ಹೊತ್ತಿಗೆ ಅಣ್ಣನ ಮಗ ಬಾಗಿಲಲ್ಲಿ ನಿಂತು, “ಚಿಕ್ಕಪ್ಪ, ಮೀನು ಹತ್ತುತಾ ಇದಾವೆ, ಬರ್ತೀರಾ?” ಅಂದ. ಊಟ ಬಿಟ್ಟು ಎದ್ದೆ. ಹೊಸ ನೀರಿಗೆ ಹೊಳೆಯಿಂದ ಹಳ್ಳ ಹತ್ತಿ ಬರುವ ಮೀನನ್ನು ನಾವು ಹತ್ತುಮೀನು ಅನ್ನುತ್ತೇವೆ. ಹತ್ತುಮೀನಿಗೆ ಹೋಗದೆ ಇಪ್ಪತ್ತು ವರ್ಷವೇ ಆಗಿತ್ತು. ನಾವು ನಾಲ್ಕು ಜನ, ನಾಲ್ಕು ತಲೆಗೂ ಹೆಡ್‌ಲೈಟು. ಹುಡುಗರು ಸಂಜೆಯೇ ಹಳ್ಳಕ್ಕೆ ಅಡ್ಡಲಾಗಿ, ಈ ದಡದಿಂದ ಆ ದಡದವರೆಗೆ, ಹಳೇ ಸೊಳ್ಳೆಪರದೆ ಕಟ್ಟಿ ಬಂದಿದ್ದರು. ಎರಡು ಗಂಟೆಯಲ್ಲಿ ಎರಡು ಗೋಣಿಚೀಲ ತುಂಬಿತು. ಮುರುಗೋಡು, ಚೇಳುಮೀನು, ಒಂದೆರಡು ಹಾವುಮೀನು, ಬೆರಳುದ್ದದ ಬೆಳ್ಳಿ ಬಣ್ಣದ ಮೀನುಗಳು ಲೆಕ್ಕವಿಲ್ಲದಷ್ಟು. ಚೀಲದ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆವು. ನಾನೂ ನಗುತ್ತಾ ನಿಂತಿದ್ದೇನೆ ಅದರಲ್ಲಿ.

ಮಾರನೇ ದಿನ ಹಂಚಲು ಹೋದರೆ ಅಕ್ಕಪಕ್ಕದ ಮನೆಯಲ್ಲೆಲ್ಲ ಮೀನೇ. ಉಳಿದದ್ದನ್ನು ಫ್ರಿಜ್ಜಿಗೆ ತುಂಬಿದೆವು. ಅವತ್ತು ಸಂಜೆ ಗಾಳಿಗೆ ಲೈನಿನ ಮೇಲೆ ಮರ ಬಿತ್ತು. ಮೂರು ದಿನ ಕರೆಂಟಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಇದು ಹೊಸದೇನಲ್ಲ, ನಮಗೆ ಗೊತ್ತಿರಬೇಕಿತ್ತು. ನಾಲ್ಕನೇ ದಿನ ಅತ್ತಿಗೆ ಫ್ರಿಜ್ಜು ತೆಗೆದು ಮೂಗು ಮುಚ್ಚಿಕೊಂಡರು. ಪಾತ್ರೆ ಹೊತ್ತುಕೊಂಡು ಗೊಬ್ಬರಗುಂಡಿಗೆ ಹೋದವನು ನಾನೇ. ಸುರಿಯುವಾಗ ಒಂದು ಮುರುಗೋಡಿನ ಹೊಟ್ಟೆ ಒಡೆದು ತತ್ತಿ ಚೆಲ್ಲಿತು. ಸಾಸಿವೆ ಕಾಳಿನಷ್ಟು ದಪ್ಪದ್ದು, ಹಸಿರು ಕಂದು ಬಣ್ಣ. ಒಂದು ಬೊಗಸೆಗೂ ಜಾಸ್ತಿ. ಸಗಣಿಯ ಮೇಲೆ ಅದು ಹರಡಿಕೊಂಡದ್ದು ಇವತ್ತಿಗೂ ಕಣ್ಣ ಮುಂದಿದೆ.

ಮಾಂಸ ತಿನ್ನಬೇಕೋ ಬಿಡಬೇಕೋ ಅನ್ನುವ ಚರ್ಚೆಗೆ ನಾನು ಹೋಗುವುದಿಲ್ಲ. ನಾನು ತಿನ್ನುತ್ತೇನೆ, ಇಷ್ಟಪಟ್ಟು ತಿನ್ನುತ್ತೇನೆ. ನನ್ನನ್ನು ಒಂದು ವರ್ಷ ಕಾಡಿದ್ದು ಬೇರೆ. ಚಿಕ್ಕಂದಿನಲ್ಲಿ ಇದೇ ಹಳ್ಳದಲ್ಲಿ, ಇದೇ ಕಾಲದಲ್ಲಿ, ಇದೇ ಮೀನನ್ನು ನಾವು ಹಿಡಿದಿದ್ದೇವೆ. ಆಗ ಒಂದು ದಿನವೂ ಹೀಗೆ ಅನ್ನಿಸಿರಲಿಲ್ಲ. ಆವಾಗಿನದಕ್ಕೂ ಈವಾಗಿನದಕ್ಕೂ ಎಲ್ಲಿ ವ್ಯತ್ಯಾಸ ಬಂತು?

ಕತ್ತಲಲ್ಲಿ ಕೇಳುವ ಹಳ್ಳ

ನನಗೆ ಮೀನು ಹಿಡಿಯಲು ಕಲಿಸಿದವರು ಚಿಕ್ಕಯ್ಯ, ಅಪ್ಪನ ತಮ್ಮ. ಮೃಗಶಿರ ಮಳೆ ಶುರುವಾದ ಮೇಲೆ ಅವರು ರಾತ್ರಿ ಜಗಲಿಯಲ್ಲೇ ಮಲಗುತ್ತಿದ್ದರು. ಹಳ್ಳದ ಸದ್ದು ಕೇಳಲಿಕ್ಕೆ. ಮೊದಲ ಎರಡು ದಿನದ ನೀರು ಕಲ್ಲಿಗೆ ಬಡಿದು ಗಲಗಲ ಅನ್ನುತ್ತದೆ. ಕಲ್ಲು ಮುಳುಗಿದ ಮೇಲೆ ಗಲಗಲ ನಿಂತು ಒಂದೇ ಸಮನೆ ಹೂಂಕಾರದಂಥ ಸದ್ದು ಬರುತ್ತದೆ. ಆ ಸದ್ದು ಬಂದ ರಾತ್ರಿ ಅವರು ಎದ್ದು ಕಂಬಳಿಕೊಪ್ಪೆ ಹಾಕಿಕೊಳ್ಳುತ್ತಿದ್ದರು. ಹೊಳೆಯಲ್ಲಿದ್ದ ಮೀನಿಗೆ ಗದ್ದೆಯ ಮಣ್ಣು ಕರಗಿದ ಹೊಸ ನೀರು ತಾಗಿದರೆ ಸಾಕು, ಎದುರು ಈಜಿಕೊಂಡು ಹತ್ತಿ ಬರುತ್ತದೆ. ಗದ್ದೆಯ ನೀರು ತೆಳ್ಳಗೆ, ಬೆಚ್ಚಗೆ ಇರುತ್ತದೆ. ಮರಿಗೆ ತಿನ್ನಲು ಹುಳ ಇರುತ್ತದೆ, ಅಡಗಲು ಹುಲ್ಲು ಇರುತ್ತದೆ. ತತ್ತಿ ಇಡಲು ಅದಕ್ಕಿಂತ ಒಳ್ಳೇ ಜಾಗ ಅದಕ್ಕಿಲ್ಲ.

ಚಿಕ್ಕಯ್ಯನ ಕೈಯಲ್ಲಿ ಒಂದು ಎರಡು ಸೆಲ್ಲಿನ ಟಾರ್ಚು, ಒಂದು ಹಳೇ ಕತ್ತಿ. ಟಾರ್ಚನ್ನು ಅವರು ಉರಿಸುತ್ತಲೇ ಇರುತ್ತಿರಲಿಲ್ಲ. ಸೆಲ್ಲು ಖರ್ಚಾಗುತ್ತದೆ ಅನ್ನುವುದು ಒಂದು. ಇನ್ನೊಂದು, ಬೆಳಕು ಸದಾ ಇದ್ದರೆ ಕಿವಿ ಕೆಲಸ ಬಿಡುತ್ತದೆ ಅನ್ನುತ್ತಿದ್ದರು. ಗದ್ದೆಯಿಂದ ಗದ್ದೆಗೆ ನೀರು ಬೀಳುವ ಕಂಡಿಯ ಹತ್ತಿರ ಕತ್ತಲಲ್ಲಿ ನಿಲ್ಲಬೇಕು. ನೀರು ಬೀಳುವ ಸದ್ದಿನ ನಡುವೆ ‘ಪಟಕ್’ ಅಂತ ಒಂದು ಸದ್ದು ಬರುತ್ತದೆ. ಮುರುಗೋಡು ಅಂಚನ್ನು ಹತ್ತಲು ಬಾಲ ಬಡಿದ ಸದ್ದು ಅದು. ಆಗ ಟಾರ್ಚು. ಬೆಳಕು ಬಿದ್ದ ಮೀನು ಒಂದು ಗಳಿಗೆ ನಿಲ್ಲುತ್ತದೆ. ಆ ಒಂದು ಗಳಿಗೆಯಲ್ಲಿ ಹೊಡೆಯಬೇಕು. ಅದೂ ಕಂಡ ಕಡೆ ಅಲ್ಲ. ನೀರೊಳಗಿನ ಮೀನು ಇರುವುದಕ್ಕಿಂತ ಮೇಲೆ ಕಾಣುತ್ತದೆ. ಕಂಡಲ್ಲಿಗೇ ಬೀಸಿದರೆ ಕತ್ತಿ ಬೆನ್ನ ಮೇಲೆ ಹಾದು ಹೋಗುತ್ತದೆ. ಸ್ವಲ್ಪ ಕೆಳಗೆ, ತಲೆಯ ಹಿಂದೆ, ಕತ್ತಿಯ ಬೆನ್ನಿನಿಂದ ಹೊಡೆಯಬೇಕು. ಬಾಯಿಂದ ಹೊಡೆದರೆ ಮೀನು ಎರಡು ತುಂಡಾಗಿ ಅರ್ಧ ನೀರಿಗೆ ಹೋಗುತ್ತದೆ. ನಾನು ಇದನ್ನು ಕಲಿಯಲು ಮೂರು ಮಳೆಗಾಲ ಬೇಕಾಯಿತು.

ಹಿಡಿದ ಮೀನನ್ನು ಅವರು ಒದ್ದಾಡಲು ಬಿಡುತ್ತಿರಲಿಲ್ಲ. ಮುರುಗೋಡು ಗಾಳಿಯನ್ನೂ ಉಸಿರಾಡುತ್ತದೆ. ಬಕೆಟ್ಟಿನಲ್ಲಿ ಬೆಳಗಿನವರೆಗೂ ಬದುಕಿರುತ್ತದೆ, ಗೋಣಿಚೀಲದಲ್ಲಿ ಕೂಡ ಬೇಗ ಸಾಯುವುದಿಲ್ಲ. ಹಾಗಾಗಿಯೇ ಹೆಚ್ಚಿನವರು ಹಾಗೇ ತುಂಬಿಕೊಂಡು ಬರುತ್ತಾರೆ, ತಾಜಾ ಇರುತ್ತದೆ ಅಂತ. ಚಿಕ್ಕಯ್ಯ ಒಂದೊಂದನ್ನೂ ಕತ್ತಿಯ ಹಿಡಿಯಿಂದ ನೆತ್ತಿಗೆ ಕುಟ್ಟಿ ಮುಗಿಸಿಯೇ ಕುಕ್ಕೆಗೆ ಹಾಕುತ್ತಿದ್ದರು. ಯಾಕೆ ಅಂತ ನಾನು ಒಮ್ಮೆ ಕೇಳಿದ್ದೆ. “ಕೆಲಸ ಅರ್ಧ ಮಾಡಿ ಇಡಬಾರದು ಮಾರಾಯ,” ಅಂದಿದ್ದರು. ಅಷ್ಟೇ. ಹೋದ ವರ್ಷದ ನಮ್ಮ ಚೀಲ ಮನೆಯ ಹಿಂದಿನ ಕಟ್ಟೆಯ ಮೇಲೆ ಬೆಳಗಿನ ಜಾವದವರೆಗೂ ಸಣ್ಣಗೆ ಅಲುಗಾಡುತ್ತಿತ್ತು. ನೀರು ಕುಡಿಯಲು ಎದ್ದಾಗ ನೋಡಿದೆ. ನೋಡಿ ಸುಮ್ನೆ ಹೋಗಿ ಮಲಗಿದೆ.

ಒಂದು ಮೊಲ

ಚಿಕ್ಕಯ್ಯನ ಹತ್ತಿರ ಕೇಪಿನ ಕೋವಿಯೂ ಇತ್ತು. ಬೆಳೆ ಕಾಯಲು ಅಂತ ಲೈಸೆನ್ಸು ಇದ್ದದ್ದು, ಎಲೆಕ್ಷನ್ ಬಂದಾಗ ಸ್ಟೇಷನ್ನಿಗೆ ಒಪ್ಪಿಸಿ ಬರುತ್ತಿದ್ದರು. ಅದರಲ್ಲಿ ಹಂದಿಗಿಂತ ಜಾಸ್ತಿ ಮೊಲ, ಕಾಡುಕೋಳಿ ಹೊಡೆದಿದ್ದಾರೆ ಅನ್ನುವುದನ್ನು ಮುಚ್ಚಿಡುವುದಿಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಸಣ್ಣ ಬೇಟೆಗೆ ಅಂತಲೇ ಒಂದು ಲೈಸೆನ್ಸ್ ಇತ್ತು. 1991ರ ತಿದ್ದುಪಡಿಯಲ್ಲಿ ಅದೂ ಹೋಯಿತು. ಲೈಸೆನ್ಸ್ ಇದ್ದ ಕಾಲದಲ್ಲೂ ನಮ್ಮೂರಲ್ಲಿ ಅದನ್ನು ತೆಗೆದುಕೊಂಡವರನ್ನು ನಾನು ಕಾಣೆ. ಅದು ತಪ್ಪೇ. ಈಗ ಯಾರಾದರೂ ಮೊಲ ಹೊಡೆದೆ ಅಂತ ಹೇಳಿಕೊಂಡರೆ ನನಗೆ ಸಿಟ್ಟು ಬರುತ್ತದೆ.

ಆದರೆ ಒಂದು ರಾತ್ರಿ ನೆನಪಿದೆ. ನನಗೆ ಹತ್ತು ವರ್ಷ ಇರಬಹುದು. ಕೊಯ್ಲಾದ ಗದ್ದೆ, ಚಳಿ. ಮೊಲವೊಂದು ಬೆಳಕಿಗೆ ಕಣ್ಣು ಕೊಟ್ಟು ಕೂತಿತ್ತು. ಚಿಕ್ಕಯ್ಯ ಹೊಡೆದರು. ಚರೆ ಹಿಂಗಾಲಿಗೆ ಬಿತ್ತು. ಮೊಲ ಕೂಗಿತು. ಮೊಲಕ್ಕೆ ದನಿ ಇದೆ ಅಂತಲೇ ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ತೊಟ್ಟಿಲ ಮಗು ಚೀರಿದ ಹಾಗೆ ಕೂಗಿ, ಕುಂಟಿಕೊಂಡು ಹಳುವಿಗೆ ನುಗ್ಗಿತು. ಕೇಪಿನ ಕೋವಿಗೆ ಮತ್ತೆ ಮಸಿ ಹಾಕಿ, ಬಟ್ಟೆ ತುರುಕಿ, ಚರೆ ಹಾಕಿ, ಗಜದಲ್ಲಿ ಜಡಿಯುವ ಹೊತ್ತಿಗೆ ಯಾವ ಪ್ರಾಣಿಯೂ ಕಾಯುವುದಿಲ್ಲ. ಮನೆಗೆ ಹೋಗೋಣ ಅಂತ ನಾನು ಅಳುತ್ತಿದ್ದೆ. ಚಿಕ್ಕಯ್ಯ ಬಗ್ಗಿ ಹುಲ್ಲಿನ ಮೇಲೆ ಟಾರ್ಚು ಬಿಟ್ಟರು. ರಾಗಿ ಕಾಳಿನಷ್ಟು ಒಂದು ರಕ್ತದ ಹನಿ. ಎರಡು ಹೆಜ್ಜೆ ಆಚೆ ಇನ್ನೊಂದು, ಎಲೆಯ ಅಡಿ ಬದಿಗೆ ಅಂಟಿಕೊಂಡಿತ್ತು. ಲಂಟಾನದ ಮುಳ್ಳಿನೊಳಗೆ ಮೊಣಕಾಲೂರಿ ಹುಡುಕಿದರು. ಬೆನ್ನಿನ ಅಂಗಿ ಹರಿಯಿತು. ಒಂದು ಗಂಟೆಗೂ ಜಾಸ್ತಿ ಆಯಿತು. ಕೊನೆಗೆ ಒಂದು ಹುತ್ತದ ಬುಡದಲ್ಲಿ ಸಿಕ್ಕಿತು, ಇನ್ನೂ ಉಸಿರಿತ್ತು. ಅವರು ಅದನ್ನು ಮುಗಿಸಿ, ನನ್ನ ಕಡೆ ತಿರುಗಿ ಏನೋ ಹೇಳಲು ಹೊರಟು ಸುಮ್ಮನಾದರು. ದಾರಿಯಲ್ಲಿ ಮಾತಿಲ್ಲ. ಮಾರನೇ ದಿನದ ಸಾರನ್ನು ಅವರು ಬಡಿಸಿಕೊಳ್ಳಲಿಲ್ಲ. ನಾವೆಲ್ಲ ತಿಂದೆವು.

ಬೇಟೆಯ ಚಳಕ ಅಂದರೆ ಗುರಿ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಗುರಿ ತಪ್ಪಿದ ಮೇಲೆ ಆ ಒಂದು ಗಂಟೆ ಮುಳ್ಳಲ್ಲಿ ಮಾಡಿದ್ದೂ ಚಳಕವೇ. ಹನಿಯನ್ನು ಎಲೆಯ ಅಡಿಯಲ್ಲಿ ನೋಡಬೇಕು ಅಂತ ಗೊತ್ತಿರುವುದು, ಬಿಟ್ಟು ಬರಲಾಗದೆ ಇರುವುದು, ಎರಡೂ ಒಂದೇ ಮನುಷ್ಯನಲ್ಲಿ ಒಟ್ಟಿಗೆ ಬೆಳೆದಿದ್ದವು. ಒಂದು ಕಲಿತವನಿಗೆ ಇನ್ನೊಂದು ತಾನಾಗಿ ಬಂದಿತ್ತು ಅನ್ನಿಸುತ್ತದೆ. ಹೆಡ್‌ಲೈಟು, ಪರದೆ ಹಿಡಿದು ಹೋದ ನಮಗೆ ಎರಡೂ ಬೇಕಾಗಲಿಲ್ಲ.

ಒಂದು ಬೆರಳಿನ ಜಾಗ

ಕೂಣಿ ನೋಡಿದವರಿಗೆ ಗೊತ್ತಿರುತ್ತದೆ. ಮೀನು ಹಿಡಿಯಲು ನೀರಿನಲ್ಲಿ ಇಡುವ ಬುಟ್ಟಿ, ಬಿದಿರನ್ನು ಸೀಳಿ, ಕಡ್ಡಿ ಎರೆದು, ಬಳ್ಳಿಯಲ್ಲಿ ಸುತ್ತ ಹೆಣೆದು ಮಾಡಿದ್ದು. ಬಾಯಿ ಅಗಲ, ತುದಿ ಚೂಪು. ಬಾಯೊಳಗೆ ಇನ್ನೊಂದು ಚಿಕ್ಕ ಬಾಯಿ, ಅದರ ಕಡ್ಡಿಗಳೆಲ್ಲ ಒಳಮುಖ. ಒಳಗೆ ಹೋದ ಮೀನು ಹೊರಗೆ ಬರಲಾರದು. ಹತ್ತುವ ಮೀನಿಗೆ ಕೂಣಿಯ ಬಾಯಿ ಹೊಳೆಯ ಕಡೆಗಿರಬೇಕು. ಅಜ್ಜಯ್ಯ ಕಟ್ಟಿದ ಒಂದು ಕೂಣಿ ಇನ್ನೂ ನಮ್ಮ ಅಟ್ಟದಲ್ಲಿದೆ. ಗೊಬ್ಬರಗುಂಡಿಯ ಪ್ರಸಂಗ ಆದ ಮೇಲೆ ಅದನ್ನು ಇಳಿಸಿ ಧೂಳು ಕೊಡವಿದೆ. ಕಡ್ಡಿಯಿಂದ ಕಡ್ಡಿಗೆ ಎಷ್ಟು ಸಂದು ಅಂತ ನೋಡಿದರೆ, ನನ್ನ ತೋರುಬೆರಳು ಸರಿಯಾಗಿ ಹೋಗುತ್ತದೆ. ಬಾಯಿಂದ ತುದಿಯವರೆಗೂ ಒಂದೇ ಅಳತೆ. ಬೆರಳಿಗಿಂತ ಸಣ್ಣ ಮೀನು ಎಲ್ಲವೂ ಆ ಸಂದಿನಲ್ಲಿ ತೂರಿ ಹೋಗಿರಬೇಕು. ಸೊಳ್ಳೆಪರದೆಯಲ್ಲಿ ಸೊಳ್ಳೆಯೂ ತೂರುವುದಿಲ್ಲ.

ಅಜ್ಜಯ್ಯ ಮರಿಮೀನು ಉಳಿಯಲಿ ಅಂತ ಸಂದು ಬಿಟ್ಟರಾ? ಹಾಗೆ ಅಂದುಕೊಂಡು ಖುಷಿಪಡಬಹುದಿತ್ತು. ಚಿಕ್ಕಯ್ಯನನ್ನು ಕೇಳಿದೆ. ಅವರಿಗೆ ಈಗ ಎಂಬತ್ತರ ಹತ್ತಿರ, ಕಣ್ಣಿಗೆ ಪೊರೆ ಬಂದಿದೆ. ಕೂಣಿಯನ್ನು ಮಡಿಲಲ್ಲಿಟ್ಟುಕೊಂಡು ಕಡ್ಡಿಗಳ ಮೇಲೆ ಬೆರಳಾಡಿಸುತ್ತಾ, “ಹತ್ತಿರ ಹತ್ತಿರ ಹೆಣೆದ್ರೆ ಕಸ ಕಟ್ಟಿಕೊಂಡು ನೀರಿಗೆ ಕೊಚ್ಚಿ ಹೋಗ್ತದೆ. ಅದಕ್ಕೆ ಸಂದು,” ಅಂದರು. ಸರಿ. ಹಳ್ಳದ ಅರ್ಧಕ್ಕೆ ಮಾತ್ರ ಕೂಣಿ ಇಟ್ಟು ಇನ್ನರ್ಧ ಬಿಡುತ್ತಿದ್ದದ್ದು? ಅದಕ್ಕೂ ಅವರ ಹತ್ತಿರ ಉತ್ತರ ಇತ್ತು. “ಪೂರ್ತಿ ಕಟ್ಟಿದ್ರೆ ಮೇಲಿನ ಮನೆಯವರು ಸುಮ್ನೆ ಬಿಡ್ತಿದ್ರಾ? ಅವರ ಗದ್ದೆಗೂ ಮೀನು ಹತ್ತಬೇಕಲ್ಲ.” ಮೇಲಿನ ಮನೆಯವರು ಅರ್ಧ ಬಿಟ್ಟರೆ ಅದರ ಮೇಲಿನವರಿಗೆ. ಹೀಗೆ ಮನೆ ಮನೆಯ ಜಗಳದ ಭಯದಲ್ಲಿ ಅರ್ಧ ಹಳ್ಳ ಹಳ್ಳದ ತಲೆಯವರೆಗೂ ತೆರೆದೇ ಇತ್ತು.

ಇದನ್ನು ಕೇಳಿ ಮೊದಲು ಸ್ವಲ್ಪ ನಿರಾಸೆಯಾಯಿತು. ನಮ್ಮ ಹಿರಿಯರು ಪ್ರಕೃತಿಯನ್ನು ಕಾಪಾಡಿದರು ಅಂತ ಹೇಳಿಕೊಳ್ಳಲು ಎಷ್ಟು ಚೆನ್ನಾಗಿರುತ್ತಿತ್ತು. ಅವರು ಕಾರೆಕಾಯಿ ಜಜ್ಜಿ ಬೇಸಿಗೆಯ ಗುಂಡಿಗೆ ಹಾಕಿ ಮೀನನ್ನು ತೇಲಿಸಿದವರೂ ಹೌದು. ನೀರಿಗೆ ವಿಷ ಹಾಕುವುದು, ತೋಟೆ ಅಂದರೆ ಸಿಡಿಮದ್ದು ಹಾಕುವುದು ಕಾಯ್ದೆಯ ಪ್ರಕಾರ ಅಪರಾಧ. ಕಾಯ್ದೆಯ ಸುದ್ದಿ ನಮ್ಮ ಹಳ್ಳದವರೆಗೆ ಬಂದಿರಲಿಲ್ಲ. ಆದರೆ ಯೋಚನೆ ಮಾಡುತ್ತಾ ಹೋದ ಹಾಗೆ ಚಿಕ್ಕಯ್ಯನ ಉತ್ತರವೇ ನನಗೆ ದೊಡ್ಡದಾಗಿ ಕಂಡಿತು. ಬಿದಿರಿಗೆ ಸಂದು ಬೇಕಿತ್ತು. ಟಾರ್ಚಿಗೆ ಸೆಲ್ಲು ಕಡಿಮೆ ಇತ್ತು. ಕೋವಿಗೆ ಒಂದೇ ಈಡು. ಮೇಲೊಂದು ಮನೆ ಇತ್ತು, ಆ ಮನೆಯವರಿಗೆ ನಾಲಿಗೆ ಇತ್ತು. ಫ್ರಿಜ್ಜು ಇರಲಿಲ್ಲ, ಹಾಗಾಗಿ ನಾಳೆಗೆ ಅಂತ ಹಿಡಿಯುವ ಮಾತೇ ಇಲ್ಲ. ಇಷ್ಟೆಲ್ಲ ಸೇರಿ ಮೀನಿನ ಪಾಲನ್ನು ಮೀನಿಗೆ ಬಿಡುತ್ತಿದ್ದವು. ಮನುಷ್ಯ ಒಳ್ಳೆಯವನಾಗಿರಲೇಬೇಕು ಅಂತ ಇರಲಿಲ್ಲ. ಈಗ ಒಂದೊಂದಾಗಿ ಅವೆಲ್ಲ ಹೋಗಿವೆ. ಮೇಲಿನ ಮನೆಯವರು ಗದ್ದೆಯನ್ನೆಲ್ಲ ಅಡಿಕೆ ತೋಟ ಮಾಡಿದ್ದಾರೆ. ಅವರಿಗೆ ಹತ್ತುಮೀನು ಬೇಡ. ಹಳ್ಳಕ್ಕೆ ಪೂರ್ತಿ ಪರದೆ ಕಟ್ಟಿದರೆ ಕೇಳುವವರೇ ಇಲ್ಲ. ಹಿಂದೆ ಬಿದಿರು ಮಾಡುತ್ತಿದ್ದ ಕೆಲಸವನ್ನು ಈಗ ನಾನು ಮಾಡಬೇಕು. ನನಗೆ ಅದರ ಅಭ್ಯಾಸವೇ ಇಲ್ಲ.

ಮೊಟ್ಟೆಮೀನಿನ ರುಚಿ

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ ಅಂತ. ಘಟ್ಟದ ಮೇಲೆ ನಮಗೆ ಅದೇ ಎರಡು ತಿಂಗಳು ಮೀನಿನ ಹಬ್ಬ. ತೀರ್ಥಹಳ್ಳಿಯ ಚಿಪ್ಪಲಗುಡ್ಡೆಯಲ್ಲಿ, ಶೃಂಗೇರಿಯ ಮಠದ ಮೆಟ್ಟಿಲಲ್ಲಿ ಇದೇ ತುಂಗೆಯ ಮೀನಿಗೆ ನಾವು ಮಂಡಕ್ಕಿ ಹಾಕಿ ಕೈ ಮುಗಿಯುತ್ತೇವೆ. ಅಲ್ಲಿ ಅದು ದೇವರ ಮೀನು. ಸ್ವಲ್ಪ ಆಚೆ ಹೋದರೆ ಸಾರಿನ ಮೀನು. ಇದು ಸರಿಯಲ್ಲ ಅಂತ ನಾನು ಹೇಳುತ್ತಿಲ್ಲ. ನದಿಯ ಒಂದು ತುಂಡನ್ನು ಮುಟ್ಟಬಾರದು ಅಂತ ಇಟ್ಟುಕೊಂಡದ್ದರಿಂದಲೇ ಅಲ್ಲಿ ಮೊಳಕೈ ಉದ್ದದ ಮೀನು ಉಳಿದಿವೆ. ಹಾಗೆ ಮುಟ್ಟದೆ ಇಡುವುದು ನಮಗೆ ಗೊತ್ತಿದೆ. ಹಳ್ಳದವರೆಗೆ ಅದನ್ನು ತಂದಿಲ್ಲ, ಅಷ್ಟೇ.

ಹತ್ತುವಾಗ ಬಿಟ್ಟು, ತತ್ತಿ ಇಟ್ಟು ಇಳಿಯುವಾಗ ಹಿಡಿದರೆ ಆಗದಾ? ನಾನು ಇದನ್ನೂ ಕೇಳಿದ್ದೇನೆ. ಇಳಿಯುವ ಮೀನು ಸೊರಗಿರುತ್ತದೆ, ಮುಳ್ಳು, ತೊಗಲು ಅಷ್ಟೇ ಇರುತ್ತದೆ ಅನ್ನುತ್ತಾರೆ ಎಲ್ಲರೂ. ನಿಜ. ವಾಟೆಹುಳಿ ಹಾಕಿದ ಹತ್ತುಮೀನಿನ ಸಾರು, ಜೊತೆಗೆ ಬಿಸಿ ಕಡುಬು ತಿಂದವನಿಗೆ ಇದನ್ನು ವಿವರಿಸಬೇಕಿಲ್ಲ. ಆ ಸಾರಿನ ರುಚಿ ಇರುವುದೇ ತತ್ತಿಯಲ್ಲಿ, ತತ್ತಿಗಾಗಿ ಕೂಡಿಟ್ಟ ಕೊಬ್ಬಿನಲ್ಲಿ. ನಮ್ಮ ನಾಲಿಗೆಗೆ ಬೇಕಾದದ್ದೂ ಹಳ್ಳಕ್ಕೆ ಬೇಕಾದದ್ದೂ ಒಂದೇ ಹೊಟ್ಟೆಯೊಳಗಿದೆ. ಇದಕ್ಕೆ ನನ್ನ ಹತ್ತಿರ ಸುಲಭದ ದಾರಿ ಇಲ್ಲ.

ಒಂದು ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಕೊರವ ಮೀನು ಮರಿ ಕಾಯುತ್ತದೆ. ಮಳೆ ಸ್ವಲ್ಪ ಬಿಟ್ಟ ಮೇಲೆ ಕೆರೆಯ ಅಂಚಿನಲ್ಲಿ ಕೆಂಪು ಕಿತ್ತಳೆ ಬಣ್ಣದ ಮರಿಗಳ ಮುದ್ದೆ ತೇಲುತ್ತಿರುತ್ತದೆ, ಒಟ್ಟಿಗೆ ಮುಳುಗಿ ಒಟ್ಟಿಗೆ ಏಳುತ್ತದೆ. ಅದರ ಅಡಿಯಲ್ಲೇ ದೊಡ್ಡ ಮೀನು ಇರುತ್ತದೆ. ಮರಿ ಕಂಡಲ್ಲಿ ಗಾಳ ಆಡಿಸಿದರೆ ಹಸಿವಿಲ್ಲದಿದ್ದರೂ ಕಚ್ಚುತ್ತದೆ, ಮರಿಯ ಹತ್ತಿರ ಏನೂ ಬರಬಾರದು ಅಂತ. ಕಾಲೇಜಿನಲ್ಲಿದ್ದಾಗ ನಾನು ಹೀಗೆ ಒಂದು ಹಿಡಿದಿದ್ದೇನೆ, ಮೊಳಕೈಗಿಂತ ಉದ್ದದ್ದು. ಹಿಡಿದ ಮೇಲೆ ದಡದಲ್ಲೇ ಸ್ವಲ್ಪ ಹೊತ್ತು ಕೂತಿದ್ದೆ. ಆ ಕಿತ್ತಳೆ ಮುದ್ದೆ ಚದುರಿತು. ನೀರಲ್ಲಿ ಸಣ್ಣ ಸಣ್ಣ ಅಲೆ ಎದ್ದವು, ಬೇರೆ ಮೀನುಗಳು ಬಂದಿದ್ದವು. ಆಗ ಅದನ್ನು ಹೆಮ್ಮೆಯಿಂದ ಹೇಳಿಕೊಂಡು ಓಡಾಡಿದೆ. ಈಗ ಯಾರಾದರೂ ಹುಡುಗರು ಹಾಗೆ ಮಾಡಲು ಹೊರಟರೆ ಕೈ ಹಿಡಿದು ನಿಲ್ಲಿಸುತ್ತೇನೆ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. ನಮ್ಮ ಎರಡು ಚೀಲಕ್ಕಿಂತ ಅಡಿಕೆ ತೋಟ ದೊಡ್ಡ ಪೆಟ್ಟು. ಗದ್ದೆ ತೋಟವಾದರೆ ನಿಂತ ನೀರಿನ ಜಾಗದಲ್ಲಿ ಆಳದ ಬಸಿಗಾಲುವೆ ಬರುತ್ತದೆ, ಕಳೆನಾಶಕ ಬರುತ್ತದೆ. ಮೀನು ಹತ್ತಿ ಬಂದರೂ ತತ್ತಿ ಇಡಲು ಎಲ್ಲಿಗೆ ಹೋಗಬೇಕು? ಕಷ್ಟಪಟ್ಟು ನಾಲ್ಕು ಮೀನು ಬಿಟ್ಟು ಬಂದು, ಬೆಳಿಗ್ಗೆ ಎದ್ದು ಕೊನೆಯ ಗದ್ದೆಗೂ ಅಡಿಕೆ ಗಿಡ ಇಡಿಸಿದರೆ ಏನು ಬಂತು? ನಮ್ಮ ಮನೆಯಲ್ಲಿ ಈ ಮಾತು ನಡೆಯುತ್ತಿದೆ. ಭತ್ತ ಬೆಳೆದರೆ ಕೈಯಿಂದಲೇ ಹೋಗುತ್ತದೆ ಅನ್ನುವ ಅಣ್ಣನ ಲೆಕ್ಕ ಸುಳ್ಳಲ್ಲ. ಹಳ್ಳದ ಪಕ್ಕದ ಎರಡು ಗದ್ದೆಯನ್ನಾದರೂ ಹಾಗೇ ಬಿಡೋಣ ಅಂತ ನಾನು ಕೇಳಿಕೊಂಡಿದ್ದೇನೆ. ಈ ವರ್ಷಕ್ಕೆ ಒಪ್ಪಿದ್ದಾನೆ.

ಈ ವರ್ಷದ ರಾತ್ರಿ

ಈ ಸಲ ಮಳೆ ತಡ. ಆರಿದ್ರೆಯೂ ಅರ್ಧ ಮುಗಿದ ಮೇಲೆ ಹಳ್ಳ ಸದ್ದು ಬದಲಿಸಿತು. ನಾನೂ ಅಣ್ಣನ ಮಗನೂ ಇಬ್ಬರೇ ಹೋದೆವು. ಪರದೆ ಬೇಡ ಅಂದಾಗ ಅವನು ಮುಖ ಸಣ್ಣದು ಮಾಡಿದ, ಆದರೂ ಬಂದ. ಅಟ್ಟದ ಕೂಣಿಯ ಎರಡು ಬಳ್ಳಿ ಹೊಸದಾಗಿ ಕಟ್ಟಿದ್ದೆ. ಹಳ್ಳದ ಎಡಬದಿಗೆ ಅದನ್ನಿಟ್ಟು, ಪಕ್ಕದಲ್ಲಿ ಕಲ್ಲು ಜೋಡಿಸಿ, ಬಲಬದಿ ಬಿಟ್ಟೆವು. ಆಮೇಲೆ ಕಂಡಿಯ ಹತ್ತಿರ ಬೆಳಕು ಆರಿಸಿ ನಿಂತೆವು. ಅವನಿಗೆ ಕತ್ತಲಲ್ಲಿ ಸುಮ್ಮನೆ ನಿಂತು ಅಭ್ಯಾಸವಿಲ್ಲ. ಹತ್ತು ನಿಮಿಷಕ್ಕೆ ಮೂರು ಸಲ, “ಚಿಕ್ಕಪ್ಪ, ಲೈಟ್ ಹಾಕ್ಲಾ?” ಅಂದ. ನಾಲ್ಕನೇ ಸಲ ಕೇಳುವ ಮುಂಚೆ ‘ಪಟಕ್’ ಅಂತು. ಅವನು ನನ್ನ ತೋಳು ಹಿಡಿದುಕೊಂಡ. ನನ್ನ ಏಟು ತಪ್ಪಿತು. ಅವನ ಎರಡನೇ ಏಟು ಬಿತ್ತು. ನೆತ್ತಿಗೆ ಎಲ್ಲಿ ಕುಟ್ಟಬೇಕು ಅಂತ ತೋರಿಸಿದೆ.

ಕೂಣಿಯಲ್ಲಿ ನಾಲ್ಕು, ಕತ್ತಿಗೆ ಎರಡು. ಸಾರಿಗೆ ಸಾಕು ಅಂತ ಹೊರಟೆವು. ಕೂಣಿ ಎತ್ತುವಾಗ ಬಲಬದಿಯ ತೆಳ್ಳಗಿನ ನೀರಲ್ಲಿ ಒಂದು ದೊಡ್ಡ ಮುರುಗೋಡು ಹೊಟ್ಟೆ ಎಳೆದುಕೊಂಡು ಹತ್ತುತ್ತಿತ್ತು. ಬೆನ್ನು ಪೂರ್ತಿ ನೀರಿನ ಮೇಲೆ. ಹೊಟ್ಟೆ ಎಷ್ಟು ತುಂಬಿತ್ತು ಅಂದರೆ ಎರಡು ಕಡೆಗೂ ಉಬ್ಬಿ ಕಲ್ಲಿಗೆ ಉಜ್ಜುತ್ತಿತ್ತು. ಹುಡುಗ ಕತ್ತಿ ಎತ್ತಿ ನನ್ನ ಮುಖ ನೋಡಿದ. ನನ್ನ ಕೈಯೂ ಕತ್ತಿಯ ಮೇಲೇ ಇತ್ತು, ಹೊಡೆಯಬೇಕು ಅಂತ ನನಗೂ ಅನ್ನಿಸಿತು. ಇಬ್ಬರೂ ನಿಂತೆವು. ಅದು ಎರಡು ಸಲ ಜಾರಿ, ಮೂರನೇ ಸಲ ಕಲ್ಲು ದಾಟಿ ಗದ್ದೆಯ ನೀರಿಗೆ ಬಿತ್ತು.

ಮನೆಗೆ ಬಂದರೆ ಚಿಕ್ಕಯ್ಯ ಜಗಲಿಯಲ್ಲಿ ಎದ್ದು ಕೂತಿದ್ದರು. ಸಿಕ್ಕಿದ್ದನ್ನು ಹೇಳಿದೆ, ಬಿಟ್ಟದ್ದನ್ನೂ ಹೇಳಿದೆ.

“ಎಷ್ಟುದ್ದ ಇತ್ತು?”

ಎರಡು ಕೈ ಅಗಲಿಸಿ ತೋರಿಸಿದೆ.

“ನಂಗೆಲ್ಲಿ ಕಾಣ್ತದೆ ಮಾರಾಯ. ಹತ್ರ ತಾ.”

ಕೈಗಳನ್ನು ಹಾಗೇ ಇಟ್ಟುಕೊಂಡು ಅವರ ಮುಂದೆ ಕೂತೆ. ಅವರು ತಡಕಾಡಿ ನನ್ನ ಎಡಗೈ ಹಿಡಿದರು. ಅಲ್ಲಿಂದ ಬಲಗೈಯವರೆಗೆ ಗೇಣು ಹಾಕುತ್ತಾ ನಿಧಾನವಾಗಿ ಅಳೆದರು.